ಗ್ಯಾರೇಜ್ ಪ್ರಶ್ನೋತ್ತರ: ಎಂಜಿನ್ ಹೊಸದು, ಕ್ಲಚ್ ಮಾತ್ರ ಬಿಡುತ್ತಿಲ್ಲ

ಪ್ರಶ್ನೆ: ತೋಟದ ಹಳೆಯ ಮಹೀಂದ್ರ ಜೀಪಿಗೆ ಕ್ವಾಲಿಸ್‌ನ 2.4 ಲೀಟರ್ ಡೀಸೆಲ್ ಎಂಜಿನ್ ಅನ್ನು ಗೇರ್‌ಬಾಕ್ಸ್ ಸಮೇತ ಕೂರಿಸಿದ್ದೇವೆ. ಮೊದಲಿದ್ದ ಕ್ಲಚ್ ರಾಡ್ ತೆಗೆದು, ಯಾವುದೋ ಸಣ್ಣ ಕಾರಿನ ಕ್ಲಚ್ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲ್ ದೂಡುವುದು) ಹಾಕಿದರು. ಆ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಕೆಳಗಿನ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಜೊತೆ ಬಂದದ್ದೇ. ಬೆಳಿಗ್ಗೆ ಗೇರ್ ಸಲೀಸಾಗಿ ಬೀಳುತ್ತದೆ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಫಸ್ಟ್ ಬೀಳುವುದಿಲ್ಲ, ರಿವರ್ಸ್ ಕರಕರ ಎನ್ನುತ್ತದೆ. ಪೆಡಲ್ ಬೇಗಬೇಗ ಎರಡು ಮೂರು ಸಲ ತುಳಿದರೆ ಸರಿ. ಆಯಿಲ್ ಎಲ್ಲೂ ಸೋರುತ್ತಿಲ್ಲ. ಪೈಪಿನೊಳಗಿನ ಏರ್ ತೆಗೆದು ತೆಗೆದು ಸಾಕಾಯಿತು. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಬದಲಾಯಿಸೋಣ ಎನ್ನುತ್ತಿದ್ದಾರೆ. ಇಳಿಸುವುದೇ?
– ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಸದ್ಯಕ್ಕೆ ಬೇಡ ಸ್ವಾಮಿ. ಪ್ಲೇಟ್ ಕೆಟ್ಟಿದ್ದರೆ ಪೆಡಲ್ ಎಷ್ಟು ಸಲ ತುಳಿದರೂ ಗೇರ್ ಬೀಳುತ್ತಿರಲಿಲ್ಲ. ತುಳಿದಾಗ ಸರಿಹೋಗುತ್ತದೆ ಅಂದಮೇಲೆ ದೋಷ ಬಹುತೇಕ ಆಯಿಲ್ ಓಡಾಡುವ ದಾರಿಯಲ್ಲೇ ಇದೆ.

ಏರ್ ತೆಗೆಯುವುದನ್ನೂ ನಿಲ್ಲಿಸಿ. ಮೊದಲು ಅಳೆಯಿರಿ. ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಒಬ್ಬರು ಪೆಡಲ್ ಪೂರ್ತಿ ತುಳಿಯಲಿ, ಇನ್ನೊಬ್ಬರು ಕೆಳಗೆ ಮಲಗಿ ಸ್ಲೇವ್‌ನ ರಾಡ್ ಎಷ್ಟು ಹೊರಬರುತ್ತದೆಂದು ಸ್ಟೀಲ್ ಸ್ಕೇಲ್ ಹಿಡಿದು ನೋಡಲಿ. ಇಂಥ ಹೊರಗಡೆ ಕೂರುವ ಸ್ಲೇವ್‌ಗೆ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಬೇಕು. ಈ ಒಂದು ಅಳತೆ ಇಲ್ಲದೆ ಸ್ಪ್ಯಾನರ್ ಎತ್ತುವವರನ್ನು ನಾನಂತೂ ನಂಬುವುದಿಲ್ಲ.

ನನಗೆ ಅನುಮಾನ ಇರುವುದು ಆ ಸಣ್ಣ ಕಾರಿನ ಮಾಸ್ಟರ್ ಮೇಲೆ. ಒಬ್ಬರ ಮನೆ ಬೀಗಕ್ಕೆ ಇನ್ನೊಬ್ಬರ ಮನೆ ಕೀಲಿ ಹಾಕಿದಂತಾಗಿದೆ. ಸಿಲಿಂಡರ್ ಮೈಮೇಲೆ ಬೋರ್ (ಒಳವ್ಯಾಸ) ಅಳತೆ ಅಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ ಬಿಚ್ಚಿ ವರ್ನಿಯರ್‌ನಲ್ಲಿ ಅಳೆಯಿರಿ. ಉದಾಹರಣೆಗೆ ಸ್ಲೇವ್ 13/16 ಇಂಚು ಇದ್ದು, ಮಾಸ್ಟರ್‌ನ ಪಿಸ್ಟನ್ 20 ಮಿ.ಮೀ. ಒಳಹೋಗುತ್ತದೆ ಎಂದಿಟ್ಟುಕೊಳ್ಳಿ. ಮಾಸ್ಟರ್ 3/4 ಇಂಚಾದರೆ ಸ್ಲೇವ್ 17 ಮಿ.ಮೀ. ದೂಡುತ್ತದೆ. 5/8 ಇಂಚಾದರೆ 12 ಮಿ.ಮೀ. ಕೂಡ ಪೂರ್ತಿ ಬರುವುದಿಲ್ಲ. ನೋಡಲು ವ್ಯತ್ಯಾಸ ಒಂದೆಳೆ, ಆಯಿಲ್ ಮಾತ್ರ ಮೂವತ್ತು ಪರ್ಸೆಂಟ್ ಕಡಿಮೆ. ಹೀಗೆ ಅಂಚಿನಲ್ಲೇ ಕೆಲಸ ಮಾಡುವ ಕ್ಲಚ್ ತಣ್ಣಗಿರುವಾಗ ಹೇಗೋ ನಡೆಯುತ್ತದೆ. ಬಿಸಿಯೇರಿ ರಬ್ಬರ್ ಹೋಸ್ ಸ್ವಲ್ಪ ಉಬ್ಬಿತೆಂದರೆ ಮುಗಿಯಿತು.

5/8 ತೆಗೆದು 3/4 ಇಂಚಿನ ಮಾಸ್ಟರ್ ಹಾಕಿದರೆ ಪೆಡಲ್ ನಲವತ್ತು ಪರ್ಸೆಂಟಿಗಿಂತ ಹೆಚ್ಚು ಬಿಗಿಯಾಗುತ್ತದೆ, ಅದು ನೆನಪಿರಲಿ. ಮನೆಯವರೂ ಓಡಿಸುವ ಗಾಡಿಯಾದರೆ ಕೇಳಿ ಹಾಕಿ! ಜೊತೆಗೆ ಪೆಡಲ್‌ಗೆ ಒಂದು ಸ್ಟಾಪರ್ ಇರಲಿ. ಹೆಚ್ಚು ದೂಡಿದರೆ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್‌ನ ಫಿಂಗರ್‌ಗಳು ಹಾಳಾಗುತ್ತವೆ.

ಬೋರ್ ಸರಿಯಾಗಿಯೇ ಇದ್ದರೆ ಪೆಡಲ್ ತುಳಿದು ಒಂದು ನಿಮಿಷ ಹಿಡಿದುಕೊಳ್ಳಿ. ಸ್ಲೇವ್ ರಾಡ್ ಮೆಲ್ಲಗೆ ಹಿಂದೆ ಸರಿದರೆ ಮಾಸ್ಟರ್‌ನ ಒಳಗಿನ ವಾಷರ್ ಆಯಿಲ್ ಬಿಟ್ಟುಕೊಡುತ್ತಿದೆ. ಆ ಆಯಿಲ್ ವಾಪಸ್ ಡಬ್ಬಿಗೇ ಹೋಗುವುದರಿಂದ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಹೊಸ ವಾಷರ್‌ಗಳ ಕಿಟ್ ಹಾಕಿಸಿ, ಬೋರ್ ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೆ ಕಿಟ್‌ಗೆ ದುಡ್ಡು ಸುರಿಯದೆ ಸಿಲಿಂಡರ್ ಅನ್ನೇ ಬದಲಾಯಿಸಿ. ತುಳಿಯುವಾಗ ಪೆಡಲ್ ಹಿಂದಿನ ತಗಡನ್ನೂ ಗಮನಿಸಿ. ರಾಡ್ ಇದ್ದ ಜೀಪಿನಲ್ಲಿ ಆ ಜಾಗ ಸಿಲಿಂಡರ್ ಹೊರಲು ಮಾಡಿದ್ದಲ್ಲ. ತಗಡು ಬಾಗಿದಷ್ಟೂ ನಿಮ್ಮ ತುಳಿತ ಅಲ್ಲೇ ಖರ್ಚು. ಹಿಂದೆ ದಪ್ಪ ಪ್ಲೇಟ್ ಕೊಟ್ಟು ಬಿಗಿಸಿ.

ಎಂಜಿನ್ ಕೂರಿಸುವಾಗ ಸ್ಲೇವ್ ಓರೆಯಾಗಿದ್ದರೆ ಏರ್ ಬಿಡುವ ನಿಪ್ಪಲ್ ಕೆಳಮುಖವಾಗಿರುತ್ತದೆ. ಆಗ ಎಷ್ಟು ತೆಗೆದರೂ ಮೇಲಿನ ಗುಳ್ಳೆ ಹೊರಬರುವುದಿಲ್ಲ. ಪೈಪ್ ಬಿಚ್ಚದೆ ಸ್ಲೇವ್ ಅನ್ನು ಮಾತ್ರ ಬೋಲ್ಟ್‌ನಿಂದ ಬಿಡಿಸಿ, ನಿಪ್ಪಲ್ ಮೇಲೆ ಬರುವಂತೆ ಹಿಡಿದು, ರಾಡ್ ಒಳಗೆ ಒತ್ತಿಟ್ಟುಕೊಂಡು ಏರ್ ತೆಗೆಯಿರಿ. ಒತ್ತದೆ ಪೆಡಲ್ ತುಳಿದರೆ ಪಿಸ್ಟನ್ ಚಿಮ್ಮಿ ಹೊರಬೀಳುತ್ತದೆ, ಜೋಕೆ.

ಕ್ಲಚ್‌ನ ಆಯಿಲ್ ಪೈಪ್ ಸೈಲೆನ್ಸರ್ ಪಕ್ಕದಲ್ಲೇ ಹಾದುಹೋಗಿದೆಯೇ? ಕ್ಲಚ್‌ಗೂ ಹಾಕುವ ಬ್ರೇಕ್ ಆಯಿಲ್‌ನಲ್ಲಿ ಹೊಸ ಡಾಟ್ 3 ದರ್ಜೆಯದು 205 ಡಿಗ್ರಿ ತನಕ ಕುದಿಯದಿರಬೇಕು, ಆದರೆ ತೇವ ಕುಡಿದ ಮೇಲೆ 140 ಡಿಗ್ರಿಗೇ ಕುದಿದು ಗುಳ್ಳೆ ಏಳಬಹುದು. ಡಾಟ್ 4ಕ್ಕೆ ಈ ಮಿತಿಗಳು 230 ಮತ್ತು 155. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಡಬ್ಬಿ ಸುಮ್ಮನೆ ಕೂತೇ ತೇವ ಹೀರುತ್ತದೆ. ಪೈಪ್ ದೂರ ಸರಿಸಿ, ಹೊಸ ಡಬ್ಬಿ ಒಡೆದು ಹಾಕಿ.

ಸ್ಕೇಲ್‌ನಲ್ಲಿ 15 ಮಿ.ಮೀ. ಬಂದು, ರಾಡ್ ಹಿಂದೆ ಸರಿಯದೆ, ಆದರೂ ಕರಕರ ಎಂದರೆ ಮಾತ್ರ ಗೇರ್‌ಬಾಕ್ಸ್ ಇಳಿಸಿ. ಆಗ ಗೇರ್‌ಬಾಕ್ಸ್ ಶಾಫ್ಟ್‌ನ ತುದಿಗೆ ಆಸರೆಯಾದ ಪೈಲಟ್ ಬೇರಿಂಗ್ ಹಿಡಿದಿದೆಯೇ, ಪ್ಲೇಟ್ ಉಲ್ಟಾ ಕೂತಿದೆಯೇ ನೋಡಬಹುದು. ಅಂದಹಾಗೆ ಎಂಜಿನ್ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಪಡೆದಿದ್ದೀರಾ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದರ ಬಗ್ಗೆ ಕಟ್ಟುನಿಟ್ಟು.

ಪ್ರಶ್ನೆ: ದಾರಿಯಲ್ಲಿ ಬ್ರೇಕ್ ಆಯಿಲ್ ಸಿಗದೆ ಕ್ಲಚ್ ಡಬ್ಬಿಗೆ ಪವರ್ ಸ್ಟೀರಿಂಗ್ ಆಯಿಲ್ ಹಾಕಿದೆ. ತೊಂದರೆ ಇದೆಯೇ?
– ಓದುಗರು, ಹಾಸನ

ಉತ್ತರ: ಇದೆ. ಬ್ರೇಕ್ ಆಯಿಲ್‌ಗೆಂದು ಮಾಡಿದ ರಬ್ಬರ್ ಮಿನರಲ್ ಆಯಿಲ್ ತಾಗಿದರೆ ಊದಿಕೊಳ್ಳುತ್ತದೆ. ತೊಳೆದರೆ ಮತ್ತೆ ಮೊದಲಿನಂತಾಗುವುದಿಲ್ಲ. ಆಯಿಲ್ ಪೂರ್ತಿ ತೆಗೆದು, ಮಾಸ್ಟರ್, ಸ್ಲೇವ್ ಎರಡರ ಕಿಟ್ ಮತ್ತು ಹೋಸ್ ಬದಲಾಯಿಸಿ. ಕೆಲವು ಗಾಡಿಗಳಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಒಂದೇ ಡಬ್ಬಿ. ನಿಮ್ಮದೂ ಹಾಗಿದ್ದರೆ ಓಡಿಸಲೇಬೇಡಿ, ಎಳೆಸಿಕೊಂಡು ಹೋಗಿ.