‘ವೈರಸ್’ ಪದದ ಮೂಲ: ನಿಮ್ಮ ಲೇಖನದ ಎರಡು ವಾಕ್ಯಗಳ ಬಗ್ಗೆ

ಪ್ರಿಯ ಲೇಖಕರೇ,

‘ವೈರಸ್’ ಎಂಬ ಪದದ ಲ್ಯಾಟಿನ್ ಮೂಲವಾದ ‘ವೀರುಸ್’ ಕುರಿತು ನೀವು ಕಳುಹಿಸಿದ ಲೇಖನವನ್ನು ಓದಿದೆ. ವಿಷಯ ಒಳ್ಳೆಯದು, ಭಾಷೆಯೂ ತಿಳಿಯಾಗಿದೆ. ಆದರೆ ಅದರ ಎರಡು ವಾಕ್ಯಗಳನ್ನು ಹಾಗೆಯೇ ಬಿಡಲು ನನ್ನಿಂದಾಗದು.

ಮೊದಲನೆಯದು: ‘ಇದರ ಬಹುವಚನ ವಿರಿ.’ ‘ಉಸ್’ ಎಂದು ಮುಗಿಯುವ ನಾಮಪದಗಳೆಲ್ಲ ಪುಲ್ಲಿಂಗವೆಂದೂ ಬಹುವಚನದಲ್ಲಿ ‘ಇ’ ಎಂದು ಮುಗಿಯುತ್ತವೆಂದೂ ನೀವು ಭಾವಿಸಿದಂತಿದೆ. ಲ್ಯಾಟಿನ್ ನಾಮಪದಗಳ ಐದು ರೂಪವರ್ಗಗಳಲ್ಲಿ ಎರಡನೆಯದಕ್ಕೆ ಸೇರಿದ ‘ವೀರುಸ್’ ನಪುಂಸಕಲಿಂಗದ ಪದ. ಆ ವರ್ಗದಲ್ಲಿ ಹೀಗೆ ಮುಗಿಯುವ ನಪುಂಸಕಗಳು, ಕಡಲೆಂಬ ಅರ್ಥದ ‘ಪೆಲಗುಸ್’, ಜನಸಮೂಹವೆಂಬ ಅರ್ಥದ ‘ವುಲ್ಗುಸ್’ನಂಥವು, ತೀರ ವಿರಳ. ನಪುಂಸಕವಾದ್ದರಿಂದಲೇ ಪ್ರಥಮೆಗೂ ದ್ವಿತೀಯೆಗೂ ಅದಕ್ಕೆ ಒಂದೇ ರೂಪ. ಲೋಳೆ, ವಿಷರಸ, ದುರ್ನಾತ, ಕಟುವಾದ ಉಪ್ಪುರುಚಿ ಎಂಬ ಅರ್ಥಗಳ ಈ ಪದ ಎಣಿಸಲಾಗದ ವಸ್ತುವನ್ನು ಹೇಳುವುದರಿಂದ ಪ್ರಾಚೀನ ಗ್ರಂಥಗಳಲ್ಲಿ ಅದರ ಬಹುವಚನ ಕಾಣುವುದಿಲ್ಲ. ‘ವೀರೀ’ ಎಂಬ ರೂಪವಿದೆ, ಆದರೆ ಅದು ಷಷ್ಠೀ ಏಕವಚನ: ಕಡಲ ನೀರು ಮಣ್ಣಿನಲ್ಲಿ ಸೋಸಿ ಸಿಹಿಯಾಗುವುದನ್ನು ವಿವರಿಸುವ ಕವಿ ಲುಕ್ರೇಶಿಯಸ್, ಮೇಲೆ ಉಳಿಯುವ ಹೊಲಸು ರಸದ ಕಣಗಳನ್ನು ಹೇಳಲು ಅದನ್ನು ಬಳಸಿದ್ದಾನೆ. ಹ್ರಸ್ವದಿಂದ ಆರಂಭವಾಗುವ ‘ವಿರೀ’ ಎಂದರೆ ಗಂಡಸರು.

ಎರಡನೆಯದು: ‘ಇದು ನಮ್ಮ ವೀರ ಶಬ್ದದ ಬಂಧು.’ ಸಂಸ್ಕೃತದ ‘ವೀರ’ಕ್ಕೆ ಬಂಧುವಾದದ್ದು ಗಂಡಸೆಂಬ ಅರ್ಥದ, ಹ್ರಸ್ವಸ್ವರದ ‘ವಿರ್’. ದೀರ್ಘಸ್ವರದ ‘ವೀರುಸ್’ ನಮ್ಮ ‘ವಿಷ’ದ ಬಂಧು, ಏಕೆಂದರೆ ಲ್ಯಾಟಿನ್‌ನಲ್ಲಿ ಎರಡು ಸ್ವರಗಳ ನಡುವಿನ ಸಕಾರ ರಕಾರವಾಯಿತು. ರೋಮನ್ ಬರಹ ಸಾಮಾನ್ಯವಾಗಿ ತೋರಿಸದ ಹ್ರಸ್ವ ದೀರ್ಘಗಳನ್ನು ಕನ್ನಡ ಲಿಪಿ ಸಲೀಸಾಗಿ ತೋರಿಸುತ್ತದೆ. ಹೀಗಿದ್ದೂ ನೀವು ಒಂದೇ ಪುಟದಲ್ಲಿ ‘ವಿರಸ್’, ‘ವಿರುಸ್’, ‘ವೀರಸ್’ ಎಂದು ಮೂರು ಬಗೆಯಾಗಿ ಬರೆದದ್ದು ನನಗೆ ನಿಜಕ್ಕೂ ನೋವುಂಟುಮಾಡಿತು.

ನಾನು ಕರಡು ತಿದ್ದಲು ಕಲಿಯುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯ ಉಪಸಂಪಾದಕರೊಬ್ಬರು ಇಂಥ ಪದದ ಲಿಂಗ, ಷಷ್ಠೀರೂಪ, ಸ್ವರದ ಮಾತ್ರೆಗಳನ್ನು ನಿಘಂಟು ನೋಡಿ ಅಂಚಿನಲ್ಲಿ ಬರೆಯದೆ ಪುಟವನ್ನು ಅಚ್ಚಿಗೆ ಬಿಡುತ್ತಿರಲಿಲ್ಲ. ಲ್ಯಾಟಿನ್ ನಿಘಂಟು ಪ್ರಥಮೆಯ ಜೊತೆಗೇ ಷಷ್ಠಿಯನ್ನೂ ಕೊಡುವುದೇಕೆಂಬುದು ನನಗೆ ಅವರ ಮೇಜಿನ ಬಳಿ ತಿಳಿಯಿತು: ಪ್ರಥಮೆಯಲ್ಲಿ ಒಂದೇ ಬಗೆಯಾಗಿ ಕಾಣುವ ‘ಗೆನುಸ್’, ‘ವೀರುಸ್’ಗಳು ಷಷ್ಠಿಯಲ್ಲಿ ‘ಗೆನೆರಿಸ್’, ‘ವೀರೀ’ ಎಂದು ಬೇರೆಯಾಗುತ್ತವೆ.

ಈ ಎರಡು ವಾಕ್ಯಗಳನ್ನು ತಿದ್ದಿ, ಮನಸ್ಸಿನ ಕಹಿಯನ್ನು ಕಾರಿಕೊಳ್ಳುವವನ ವಿಷಯದಲ್ಲಿ ರೋಮನ್ ವಾಗ್ಮಿ ಸಿಸೆರೊ ಇದೇ ಪದವನ್ನು ಬಳಸಿದ್ದನ್ನೂ ಸೇರಿಸಿ ಕಳುಹಿಸಿ. ಲೇಖನವನ್ನು ಮತ್ತೆ ಓದುತ್ತೇನೆ.

ಸಂಪಾದಕ