ಚಾಕೊಲೇಟ್ ರಕ್ತದ ಸಿನಿಮಾ, ಮಾಳಗಿ ಮ್ಯಾಲ

ಅಣ್ಣಾರ, ಮನಿ ಮಂದಿ ಕೂಡಿ ನೋಡ್ಲಿಕ್ಕ ಹಳೇ ಅಗ್ಗದ ದೆವ್ವದ ಸಿನಿಮಾ ಪುಕ್ಕಟ ಯಾವ್ದು ಸಿಗ್ತದ ಅಂತ ಕೇಳೀರಿ. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಹಚ್ಚರಿ. ಹೆಸರು ಬದಲಿ ಮಾಡೋ ಮುಂದ ಕಾಪಿರೈಟ್ ಸಾಲೇ (ಹಕ್ಕು ನಮ್ಮದು ಅನ್ನೋ ಬರಹ) ಬಿಟ್ಟುಹೋಗಿ, ಅಮೆರಿಕದಾಗ ಅದು ಎಲ್ಲಾರ ಸ್ವತ್ತಾಯ್ತು. ಇಂಟರ್ನೆಟ್ ಆರ್ಕೈವ್ ಅನ್ನೋ ಪುಕ್ಕಟ ವೆಬ್‌ಸೈಟ್‌ನಾಗ ಅದ. ಸಿನಿಮಾ ಕಪ್ಪು-ಬಿಳುಪು ಅದ ನೋಡ್ರಿ, ರಕ್ತಕ್ಕ ಚಾಕೊಲೇಟ್ ಸಿರಪ್ಪೇ ಸಾಕಾಯ್ತು!

ಹೋದ ಬ್ಯಾಸಗ್ಯಾಗ ಕಲಬುರಗ್ಯಾಗ ನಮ್ಮ ಮಾಳಗಿ ಮ್ಯಾಲ ಹಾಸಿಗಿ ಹಾಸಿ, ಚುಡವಾ ತಿನ್ಕೋತ ನೋಡಿದ್ವಿ. ಹೆಣಗೋಳು ಉಂಡು ಅಡ್ಡಾಡ್ಲಿಕ್ಕ ಹೊಂಟವರಂಗ ನಡೀತಾವ. ನಮ್ಮವ್ವ ಬಿದ್ದು ಬಿದ್ದು ನಕ್ಕಳು. ಆದ್ರ ಕೊನೀ ಹತ್ತು ನಿಮಿಷ ಯಾರೂ ಚುಡವಾಕ್ಕ ಕೈ ಹಾಕಲಿಲ್ಲ. ಸಣ್ಣ ಹುಡುಗರಿಗಿ ಮಾತ್ರ ತೋರಿಸಬ್ಯಾಡ್ರಿ, ಮಂದೀನ ತಿನ್ನೋದು ಅದ.