ಐಚ್ಛಿಕ ಫೀಚರ್‌ಗಳ ಡಿಫಾಲ್ಟ್: ಆನ್, ಆಫ್, ಆಟೋ ಯಾವುದು?

ನಿಮ್ಮ ಪ್ರಶ್ನೆ ಇಷ್ಟು: ಓಪನ್ ಸೋರ್ಸ್ ಪ್ರಾಜೆಕ್ಟಿನಲ್ಲಿ ನಾಲ್ಕೈದು ಐಚ್ಛಿಕ ಫೀಚರ್‌ಗಳಿವೆ, ಬಿಲ್ಡ್ ಮಾಡುವಾಗ (ಸೋರ್ಸ್‌ನಿಂದ ಪ್ರೋಗ್ರಾಂ ತಯಾರಿಸುವಾಗ) ಅವಕ್ಕೆ ಬೇಕಾದ ಲೈಬ್ರರಿ ಸಿಕ್ಕರೆ ತಾವೇ ಸೇರಿಕೊಳ್ಳಲಿ ಎಂದು, ಅಂದರೆ ಆಟೋ ಎಂದು, ಬಿಟ್ಟರೆ ಸಾಲದೇ? ಸಾಲದು. ಹಾಗೆ ಬಿಟ್ಟರೆ ಒಂದೇ ಸೋರ್ಸ್‌ನಿಂದ ಎರಡು ಯಂತ್ರಗಳಲ್ಲಿ ಎರಡು ಬಗೆಯ ಪ್ರೋಗ್ರಾಂ ಹೊರಬರುತ್ತದೆ, ಅದೂ ಸದ್ದಿಲ್ಲದೆ.

ಪೈಥಾನನ್ನೇ ನೋಡಿ. ಉಬುಂಟುವಿನಲ್ಲಿ ಎನ್‌ಕ್ರಿಪ್ಷನ್ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಡೆವ್ ಪ್ಯಾಕೇಜ್ (ಬಿಲ್ಡ್‌ಗೆ ಬೇಕಾದ ಫೈಲ್‌ಗಳು) ಹಾಕದೆ ಸೋರ್ಸ್‌ನಿಂದ ಬಿಲ್ಡ್ ಮಾಡಿದರೆ, ಬಿಲ್ಡ್ ನಡೆಸುವ ಮೇಕ್ ಎಲ್ಲೂ ನಿಲ್ಲುವುದಿಲ್ಲ. ಎಸ್‌ಎಸ್‌ಎಲ್ ಮಾಡ್ಯೂಲ್ ಆಗಲಿಲ್ಲ ಎಂಬ ಸಾಲು ಕೊನೆಯಲ್ಲಿ ಬಂದಿರುತ್ತದೆ. ಅಷ್ಟು ಹೊತ್ತಿಗೆ ಯಾರು ಓದುತ್ತಾರೆ? ಆಮೇಲೆ ಪೈಥಾನ್ ಪ್ಯಾಕೇಜ್ ಇಳಿಸುವ ಪಿಪ್ ಓಡಿಸಿದಾಗ ಎಚ್‌ಟಿಟಿಪಿಎಸ್ ಕೈಕೊಡುತ್ತದೆ. ಇದರ ಉಲ್ಟಾ ಕೇಸೂ ಇದೆ: ಬಿಲ್ಡ್ ಯಂತ್ರದಲ್ಲಿ ಯಾವುದೋ ಕಾರಣಕ್ಕೆ ಇದ್ದ ಲೈಬ್ರರಿಗೆ ಬೈನರಿ ಲಿಂಕ್ ಆಗಿಬಿಡುತ್ತದೆ, ಬಳಕೆದಾರರ ಬಳಿ ಆ ಲೈಬ್ರರಿ ಇಲ್ಲದೆ ಪ್ರೋಗ್ರಾಂ ಶುರುವೇ ಆಗುವುದಿಲ್ಲ. ಸೋರ್ಸ್‌ನಿಂದಲೇ ಬಿಲ್ಡ್ ಮಾಡುವ ಲಿನಕ್ಸ್ ಆದ ಜೆಂಟೂದವರು ಇದನ್ನು 'ಆಟೋಮ್ಯಾಜಿಕ್' ಡಿಪೆಂಡೆನ್ಸಿ ಎನ್ನುತ್ತಾರೆ.

ಹಾಗಾಗಿ, ಇದೆ ಎಂದೇ ಎಲ್ಲರೂ ನಂಬಿಕೊಂಡಿರುವ ಫೀಚರ್ ಆನ್ ಇರಲಿ. ಲೈಬ್ರರಿ ಇಲ್ಲದಿದ್ದರೆ ಬಿಲ್ಡ್ ನಿಲ್ಲಲಿ. ಯಾವ ಪ್ಯಾಕೇಜ್ ಬೇಕು, ಫೀಚರ್ ಬೇಡವಾದರೆ ಯಾವ ಆಪ್ಷನ್ ಕೊಡಬೇಕು ಎಂಬುದನ್ನು ಎರರ್‌ನಲ್ಲೇ ಬರೆಯಿರಿ. ಹೊಸದಾಗಿ ಪೋರ್ಟ್ ತೆರೆಯುವಂಥದ್ದು, ಪ್ರಯೋಗದ ಹಂತದಲ್ಲಿರುವುದು, ಲೈಸೆನ್ಸ್ ಬದಲಿಸುವಂಥದ್ದು ಆಫ್ ಇರಲಿ. ವೀಡಿಯೊ ಟೂಲ್ ಎಫ್‌ಎಫ್‌ಎಂಪೆಗ್‌ನಲ್ಲಿ ಎಕ್ಸ್264 ಎಂಬ ಎನ್‌ಕೋಡರ್ ಬೇಕೆಂದರೆ ಜಿಪಿಎಲ್ (ಎಕ್ಸ್264ರ ಲೈಸೆನ್ಸ್) ಆಪ್ಷನ್ ಕೂಡ ನೀವೇ ಕೊಡಬೇಕು, ಅದು ತಾನಾಗಿ ಆನ್ ಆಗುವುದಿಲ್ಲ. ಸಮಾನ ಆಯ್ಕೆಗಳು ಹಲವಿದ್ದರೆ ಡಿಫಾಲ್ಟೇ ಬೇಡ ಎನ್ನಬಹುದು: 2021ರ 7.77.0 ಆವೃತ್ತಿಯಿಂದ ಡೌನ್‌ಲೋಡ್ ಟೂಲ್ ಕರ್ಲ್‌ನ ಕಾನ್ಫಿಗರ್ (ಬಿಲ್ಡ್‌ಗೆ ಮುನ್ನ ಓಡುವ ಸ್ಕ್ರಿಪ್ಟ್), ಎಚ್‌ಟಿಟಿಪಿಎಸ್‌ಗೆ ಬೇಕಾದ ಯಾವ ಟಿಎಲ್‌ಎಸ್ ಲೈಬ್ರರಿ (ಅಥವಾ ಟಿಎಲ್‌ಎಸ್ಸೇ ಬೇಡ) ಎಂದು ಹೇಳದಿದ್ದರೆ ಮುಂದೆ ಹೋಗುವುದಿಲ್ಲ. ಕಿರಿಕಿರಿ ಅನ್ನಿಸಿದರೂ ನನಗೆ ಇದು ಸರಿ ಕಾಣುತ್ತದೆ.

ಬಿಲ್ಡ್ ಟೂಲ್ ಆದ ಸಿಮೇಕ್‌ನಲ್ಲಿ ತಪ್ಪು ಸಾಮಾನ್ಯವಾಗಿ ಒಂದೇ ಜಾಗದಲ್ಲಿ: ಲೈಬ್ರರಿ ಹುಡುಕುವ ಫೈಂಡ್-ಪ್ಯಾಕೇಜ್‌ಗೆ 'ರಿಕ್ವೈರ್ಡ್' ಹಾಕದೆ, 'ಸಿಕ್ಕಿದರೆ' ಎಂದು ಇಫ್ ಬರೆಯುವುದು. ಮೊದಲು ಆಪ್ಷನ್ ಇಡಿ. ಅದು ಆನ್ ಇದ್ದರೆ ಮಾತ್ರ, 'ರಿಕ್ವೈರ್ಡ್' ಸಮೇತ ಹುಡುಕಿ. ಆಫ್ ಇದ್ದರೆ ಲೈಬ್ರರಿ ಎದುರಿಗೇ ಇದ್ದರೂ ಮುಟ್ಟಬಾರದು. ಇನ್ನೊಂದು ಬಿಲ್ಡ್ ಟೂಲ್ ಮೆಸನ್ ಆದರೆ ಫೀಚರ್ ಬಗೆಯ ಆಪ್ಷನ್‌ಗೆ ಎನೇಬಲ್ಡ್, ಡಿಸೇಬಲ್ಡ್, ಆಟೋ ಎಂಬ ಮೂರು ಮೌಲ್ಯಗಳಿವೆ. ಅಲ್ಲಿ ಆಟೋ ಇಟ್ಟರೂ ನಾನು ತಕರಾರು ಮಾಡುವುದಿಲ್ಲ. ಏಕೆಂದರೆ ಆಟೋ ಇರುವುದನ್ನೆಲ್ಲ ಒಂದೇ ಏಟಿಗೆ ಆನ್ ಅಥವಾ ಆಫ್ ಮಾಡುವ 'ಆಟೋ-ಫೀಚರ್ಸ್' ಆಪ್ಷನ್ ಪ್ಯಾಕೇಜ್ ಮಾಡುವವರ ಕೈಲಿರುತ್ತದೆ. ನೀವು ಎನೇಬಲ್ಡ್ ಎಂದು ಬರೆದ ಫೀಚರ್‌ಗೆ ಅದು ತಾಗುವುದಿಲ್ಲ, ಅದನ್ನು ಹೆಸರು ಹಿಡಿದೇ ಆಫ್ ಮಾಡಬೇಕು. ಏನೇ ಆದರೂ ಕಾನ್ಫಿಗರ್ ಮುಗಿದಾಗ ಯಾವುದು ಸೇರಿತು, ಯಾವುದು ಬಿಟ್ಟುಹೋಯಿತು ಎಂದು ಪಟ್ಟಿ ತೋರಿಸಿ.

ಡಿಫಾಲ್ಟ್ ಬದಲಿಸಿದ ಮೇಲೆ ಹಳೆಯ ಬಿಲ್ಡ್ ಫೋಲ್ಡರಿನಲ್ಲಿ ಪರೀಕ್ಷಿಸಬೇಡಿ. ಸಿಮೇಕ್ ಹಳೆಯ ಮೌಲ್ಯವನ್ನು ಕ್ಯಾಶೆಯಲ್ಲಿ ಉಳಿಸಿಕೊಂಡಿರುತ್ತದೆ, ನಿಮ್ಮ ಬದಲಾವಣೆ ಅಲ್ಲಿ ಕಾಣುವುದೇ ಇಲ್ಲ. ಸಿಐನಲ್ಲಿ (ಬದಲಾವಣೆಗಳನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆಯಲ್ಲಿ) ಎಲ್ಲ ಆನ್ ಇರುವ ಒಂದು, ಎಲ್ಲ ಆಫ್ ಇರುವ ಒಂದು ಬಿಲ್ಡನ್ನು ಖಾಲಿ ಕಂಟೇನರಿನಲ್ಲಿ ಓಡಿಸಿ. ಮುರಿಯುವುದು ಹೆಚ್ಚಾಗಿ ಎರಡನೆಯದೇ.